ಜಾಲಿ ಕತ್ತಿಯ ಬೇಸಿಗೆ

ಮೊಬೈಲು ಇನ್ನೂ ಅಪ್ಪಂದಿರ ಅಂಗಿಯ ಜೇಬು ಬಿಟ್ಟು ಮಕ್ಕಳ ಕೈಗೆ ಇಳಿಯದಿದ್ದ ದಿನಗಳವು. ಭಾತಂಬ್ರಾದ ಮಕ್ಕಳಾದ ನಮಗೆ ಆಗ ಕತ್ತಿಯೆಂದರೆ ಎರಡೇ ಗೊತ್ತು. ಒಂದು, ಮೊಹರಂನಲ್ಲಿ ಪೀರಗಳ ಜೊತೆ ಹೊರಗೆ ಬರುವ ತುಕ್ಕು ಹಿಡಿದ ಕತ್ತಿ. ಇನ್ನೊಂದು, ಟಿವಿಯ ಧಾರಾವಾಹಿಯಲ್ಲಿ ರಾಜರು ಬೀಸುವ, ನೋಡಿದರೇ ರಟ್ಟೆಂದು ತಿಳಿಯುವ ಕತ್ತಿ. ಜಪಾನಿನವರದೊಂದು ಕತ್ತಿಯಿದೆ, ಅದನ್ನು ಬೀಸುವುದಕ್ಕೆ ತಲೆತಲಾಂತರದ ಪದ್ಧತಿಯಿದೆ, ಅದನ್ನು ನಮ್ಮ ಓಣಿಯ ಬುದ್ಧವಿಹಾರದ ಫರಸಿಕಲ್ಲಿನ ನೆಲದ ಮೇಲೆ ಒಬ್ಬರು ಕಲಿಸುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆವು. ಆದರೆ ಹಾಗೇ ಆಯಿತು. ನಾನು ಏಳನೇ ಇಯತ್ತೆ ಮುಗಿಸಿ ಎಂಟನೆಯದಕ್ಕೆ ಕಾಯುತ್ತಿದ್ದ ಬೇಸಿಗೆ ಅದು. ಅಷ್ಟು ಸಂತೋಷಪಟ್ಟ ಬೇಸಿಗೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಅದನ್ನು ನೆನೆದ ದಿನ ನನಗೆ ಊಟ ಸೇರುವುದಿಲ್ಲ.

ಕಲಿಸಿದವರು ಮಿಲಿಂದ ಕಾಕಾ. ಅಪ್ಪನಿಗೆ ದೂರದ ತಮ್ಮನಾಗಬೇಕು. ಹರೆಯದಲ್ಲೇ ಊರು ಬಿಟ್ಟು ಉತ್ತರದ ಕಡೆ ಹೋಗಿ, ಜಪಾನಿನ ಭಿಕ್ಷುಗಳು ಕಟ್ಟಿಸಿದ್ದ ಒಂದು ವಿಹಾರದಲ್ಲಿ ಅಡುಗೆಗೆ ನಿಂತಿದ್ದರು. ಅಲ್ಲಿಯ ಹಿರಿಯ ಭಿಕ್ಷುವೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಇವರನ್ನೂ ಕರೆದುಕೊಂಡು ಹೋದರಂತೆ. ಆ ಊರಿನ ವಿಹಾರದ ಪಕ್ಕದಲ್ಲಿ ಒಬ್ಬ ಮುದುಕರು ಹಳೆಯ ಪದ್ಧತಿಯ ಕತ್ತಿವರಸೆ ಕಲಿಸುತ್ತಿದ್ದರು. ಕಾಕಾ ಬೆಳಗಿನ ಗಂಜಿ ಬೇಯಿಸಿಟ್ಟು, ಬಿಡುವಿನಲ್ಲಿ ಆ ಮುದುಕರ ಪಡಸಾಲೆಯ ನೆಲ ಒರೆಸಲು ಹೋಗುತ್ತಿದ್ದರು. ಬಹಳ ಕಾಲ ಬರೀ ನೆಲ ಒರೆಸಿದ ಮೇಲೆ ಮುದುಕರು ಒಂದು ದಿನ ಕಟ್ಟಿಗೆಯ ಕತ್ತಿಯನ್ನು ಅವರ ಕೈಗೆ ಕೊಟ್ಟರು. ಮುಂದೆ ಊರಲ್ಲಿ ತಾಯಿಯ ಕಣ್ಣು ಹೋದ ಸುದ್ದಿ ಮುಟ್ಟಿದಾಗ ಕಾಕಾ ಎಲ್ಲ ಬಿಟ್ಟು ಭಾತಂಬ್ರಾಕ್ಕೆ ಬಂದರು. ಮರುವರ್ಷ ತಾಯಿ ಹೋದಳು. ಇವರು ಇಲ್ಲೇ ಉಳಿದರು.

ಊರಿನವರು ಆಡಿಕೊಳ್ಳುವುದರಲ್ಲಿ ಕಡಿಮೆಯಿಲ್ಲ. ಜಪಾನಿಗೆ ಹೋಗಿ ಬಂದವನು ಒಂದು ರೇಡಿಯೋ ಸಹ ತಂದಿಲ್ಲ, ಎರಡು ಕಟ್ಟಿಗೆ ತಂದಿದ್ದಾನೆ ಎಂಬುದು ಅವರಿಗೆ ನಗೆಯ ಮಾತು. ಚಹಾದಂಗಡಿಯ ಮುಂದೆ ಹಾದರೆ ಸಾಕು, “ಏನೋ ಮಿಲಿಂದಾ, ನಮ್ಮೂರಾಗ ಕಟ್ಟಿಗಿ ಸಿಗ್ತಿರಲಿಲ್ಲೇನೋ?” ಎಂದು ಕೇಳುತ್ತಿದ್ದರು. ಕಾಕಾ, “ಸಿಗ್ತಾವ್ರಿ, ಸಿಗ್ತಾವ” ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಹೋಳಿ ಮುಗಿದು ಪರೀಕ್ಷೆಗಳೂ ಮುಗಿದಾಗ, ಅಪ್ಪನ ಅಣ್ಣನಾದ ದೊಡ್ಡಪ್ಪ ವಿಹಾರದಲ್ಲಿ ಬೇಸಿಗೆಯ ತರಬೇತಿ ಎಂದು ಸಾರಿದರು. ವಿಹಾರದ ಉಸ್ತುವಾರಿ ಅವರದೇ, ಪಂಚಾಯ್ತಿಯ ಮೆಂಬರೂ ಹೌದು. ಮೊದಲ ದಿನ ಓಣಿಯ ಮಕ್ಕಳೆಲ್ಲ ನೆರೆದರು. ಕತ್ತಿ ಸಿಗುತ್ತದೆಂದು ಬಂದವರ ಕೈಗೆ ಕಾಕಾ ಒದ್ದೆ ಅರಿವೆ ಕೊಟ್ಟರು. “ಮೊದಲ ನೆಲ ಒರಸ್ರಿ” ಎಂದರು. ಮರುದಿನವೂ ಅದೇ. ನೆಲ ಒರೆಸಿದ ಮೇಲೆ ಸುಮ್ಮನೆ ನಿಲ್ಲುವ ಪಾಠ. ತಗಡಿನ ಪತ್ರಾಸಿನ ಕೆಳಗೆ ಬೆವರು ಬೆನ್ನಿನಗುಂಟ ಇಳಿಯುತ್ತಿದ್ದರೂ ಅಲುಗದೆ ನಿಲ್ಲಬೇಕು. ವಾರ ಕಳೆಯುವುದರೊಳಗೆ ಗಂಡು ಹುಡುಗರೆಲ್ಲ ಕ್ರಿಕೆಟ್ಟಿಗೆ ಮರಳಿದರು. ಯುಗಾದಿಯ ಹೊತ್ತಿಗೆ ಉಳಿದವರು ನಾನು ಮತ್ತು ಮಾಳಮ್ಮ.

ಮಾಳಮ್ಮ, ನಮ್ಮೆಲ್ಲರ ಬಾಯಲ್ಲಿ ಮಾಳಿ, ನನ್ನ ತರಗತಿಯವಳು, ನನ್ನದೇ ಬೆಂಚಿನವಳು, ನನಗಿಂತ ಒಂದು ವರ್ಷ ಸಣ್ಣವಳು. ಊರಂಚಿನ ಕುರುಬರ ಬೀರಣ್ಣನ ಮಗಳು. ಅವಳ ಲಂಗಕ್ಕೆ ಯಾವಾಗಲೂ ಕುರಿಯ ವಾಸನೆ. ತರಗತಿಯಲ್ಲಿ ಮೂಗು ಮುಚ್ಚಿಕೊಳ್ಳುವವರಿದ್ದರು. ನನಗೆ ಆ ವಾಸನೆ ಎಷ್ಟು ರೂಢಿಯಾಗಿತ್ತೆಂದರೆ ಅವಳು ಸಾಲಿಗೆ ಬಾರದ ದಿನ ಬೆಂಚು ಬರಿದೆನಿಸುತ್ತಿತ್ತು. ಅವಳನ್ನು ವಿಹಾರಕ್ಕೆ ಎಳೆದುಕೊಂಡು ಬಂದವಳು ನಾನೇ. ನಾವಿಬ್ಬರೇ ಉಳಿದಾಗ ಕಾಕಾ ಬಡಿಗೇರರ ಹತ್ತಿರ ಹೋಗಿ, ತಮ್ಮ ಕತ್ತಿಯ ಅಳತೆ ಕೊಟ್ಟು, ಜಾಲಿ ಕಟ್ಟಿಗೆಯಲ್ಲಿ ಇನ್ನೆರಡು ಮಾಡಿಸಿ ತಂದರು. ಅದಕ್ಕೆ ಬೊಕ್ಕೆನ್ ಎನ್ನುತ್ತಾರೆಂದು ಹೇಳಿಕೊಟ್ಟರು. ನಾವು ಜಾಲಿ ಕತ್ತಿ ಎಂದೇ ಕರೆದೆವು. ಅಗಸೆ ಎಣ್ಣೆ ಹಚ್ಚಿ, ಬಿಸಿಲಿಗಿಟ್ಟು, ಹಳೆಯ ಧೋತರದ ಚೂರಿನಿಂದ ತಿಕ್ಕಿ ತಿಕ್ಕಿ ನುಣುಪು ಮಾಡುವುದೇ ಒಂದು ವಾರದ ಕೆಲಸವಾಯಿತು. ಆ ಎಣ್ಣೆಯ ಕಮಟು ವಾಸನೆ ನಮ್ಮ ಅಂಗೈ ಬಿಟ್ಟು ಹೋಗುತ್ತಲೇ ಇರಲಿಲ್ಲ. ಅವ್ವ, “ರೊಟ್ಟಿಗಿ ಹಚ್ಚೂ ಎಣ್ಣಿ ಕಟ್ಟಿಗಿಗಿ ಹಚ್ಚಿ ಸುರೀತಾರ ಇವ್ರು” ಎಂದು ಬೈಯುತ್ತಿದ್ದಳು.

ಬೆಳಗಿನ ತಂಪಿನಲ್ಲಿ ಅಭ್ಯಾಸ. ಬಿಸಿಲೇರಿದ ಮೇಲೆ ವಿಹಾರದ ಹಿಂದಿನ ಬೇವಿನ ಮರದ ಕೆಳಗೆ ನಮ್ಮ ಊಟ. ನನ್ನ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಲವು ದಿನ ಪುಂಡಿಪಲ್ಯ. ಕುರಿ ಈದಾಗ ಮನೆಯ ಗಿಣ್ಣವನ್ನು ಅವಳು ಎಲೆಯಲ್ಲಿ ಕಟ್ಟಿಕೊಂಡು ತರುತ್ತಿದ್ದಳು. ಬೇವಿನ ಹೂವು ಉದುರಿ ರೊಟ್ಟಿಯ ಮೇಲೆ ಬೀಳುತ್ತಿತ್ತು, ಊದಿ ತಿನ್ನುತ್ತಿದ್ದೆವು. ನಮ್ಮ ಓಣಿಯಲ್ಲಿ ಏನು ತಿಂದೆ ಎಂದು ಮನೆಯಲ್ಲಿ ಅವಳ ಮುದಿ ಆಯಿ ಕೇಳಿದರೆ, “ನೀರ ಕುಡದೀನಿ ಅಷ್ಟೇ” ಎನ್ನುತ್ತಿದ್ದಳಂತೆ. ಅದನ್ನು ಅವಳೇ ಹೇಳಿ ನಕ್ಕಳು, ನಾನೂ ನಕ್ಕೆ. ಈಗ ನಗು ಬರುವುದಿಲ್ಲ.

ಕಾಕಾ ಕಲಿಸುತ್ತಿದ್ದ ಪಾಠಕ್ಕೆ ಕಾತಾ ಎಂದು ಹೆಸರು. ಒಂದು ಕಾತಾಕ್ಕೆ ಇಬ್ಬರು ಬೇಕು. ಒಬ್ಬರು ಕತ್ತಿ ಎತ್ತಿ ತಲೆಗೆ ಹೊಡೆಯಲು ಬರುತ್ತಾರೆ. ಇನ್ನೊಬ್ಬರು ಓರೆಯಾಗಿ ಒಂದು ಹೆಜ್ಜೆ ಮುಂದಿಟ್ಟು, ಏಟು ತಪ್ಪಿಸಿ, ಬಂದವರ ಮುಂಗೈಯ ಮೇಲೆ ತಮ್ಮ ಕತ್ತಿ ತಂದು ನಿಲ್ಲಿಸುತ್ತಾರೆ. ತಾಗಿಸಬಾರದು. ಮುಂಗೈಯ ಕೂದಲಿಗೆ ಗಾಳಿ ತಿಳಿಯಬೇಕು, ಕಟ್ಟಿಗೆ ತಿಳಿಯಬಾರದು. ಯಾರು ಗೆಲ್ಲುವವರು, ಯಾರು ಸೋಲುವವರು ಎಂಬುದು ನೂರಾರು ವರ್ಷದ ಕೆಳಗೇ ನಿಶ್ಚಯವಾಗಿದೆ. ಹೊಡೆಯಲು ಬಂದು ಸೋಲುವ ಪಾತ್ರ ಯಾವಾಗಲೂ ಗುರುವಿನದು. ಶಿಷ್ಯನಿಗೆ ಗೆಲ್ಲುವುದು ಬರುವ ತನಕ ಗುರು ಸೋಲುತ್ತಲೇ ಇರಬೇಕು. ಅಂಥ ಕಾತಾ ಒಟ್ಟು ಐದು. ಅವಷ್ಟನ್ನೂ ನಮಗೆ ಕೊಟ್ಟರೆ ತಮ್ಮ ಗುರುವಿನ ಋಣ ತೀರಿತು ಎನ್ನುತ್ತಿದ್ದರು ಕಾಕಾ. ಆ ಬೇಸಿಗೆಯ ಮೊದಲರ್ಧದಲ್ಲಿ ಅವರು ಬೆಳಗ್ಗೆ ನನ್ನ ಕೈಲಿ ಸೋತು, ಆಮೇಲೆ ಮಾಳಿಯ ಕೈಲಿ ಸೋತು, ಬೆವರೊರೆಸಿಕೊಂಡು ನಗುತ್ತಾ ಮನೆಗೆ ಹೋಗುತ್ತಿದ್ದರು.

ಅವರ ಕೈ ನಡುಗುವುದನ್ನು ಮೊದಲು ಕಂಡವಳು ಮಾಳಿ. “ಕಾಕಾನ ಚಾದ ಬಸಿ ನೋಡು” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಬಸಿಯೊಳಗಿನ ಚಹಾ ತಾನಾಗಿ ಅಲುಗಾಡುತ್ತಿತ್ತು. ನಾವು ವಯಸ್ಸಿನದಿರಬೇಕೆಂದು ಅಂದುಕೊಂಡೆವು. ಆದರೆ ಅವರಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ. ಕೆಲವು ದಿನ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು ಕೂಡುತ್ತಿದ್ದರು. ನಾವು ನೋಡಿದರೆ ಕೈ ಬಿಟ್ಟು ಟವೆಲ್ಲು ಹೊದಿಸಿಕೊಳ್ಳುತ್ತಿದ್ದರು.

ಒಂದು ಬೆಳಗ್ಗೆ ನಾಲ್ಕನೆಯ ಕಾತಾ ನಡೆದಿತ್ತು. ಗೆಲ್ಲುವವರ ನಡೆ ತೋರಿಸಲೆಂದು ಆವತ್ತು ಕಾಕಾ ಆ ಕಡೆ ನಿಂತಿದ್ದರು. ನಾನು ಹೊಡೆಯಲು ಹೋದೆ. ಅವರು ಹೆಜ್ಜೆ ಇಟ್ಟದ್ದು ಸರಿಯಾಗಿಯೇ ಇತ್ತು. ಕತ್ತಿ ಇಳಿದು ಬಂದು ನನ್ನ ಮುಂಗೈಯ ಮೇಲೆ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಠಪ್ಪೆಂದು ಎಲುಬಿಗೇ ಬಿತ್ತು. ನನ್ನ ಜಾಲಿ ಕತ್ತಿ ಕೈಜಾರಿ ಫರಸಿಯ ಮೇಲೆ ಉರುಳಿತು. ನಾನು ಕೂಗಿದ್ದು ಓಣಿಗೆಲ್ಲ ಕೇಳಿಸಿತಂತೆ. ಕಾಕಾ ಕತ್ತಿ ಕೆಳಗಿಟ್ಟು, ನನ್ನ ಕೈ ಹಿಡಿದು ಬೆರಳು ಒಂದೊಂದೇ ಮಡಚಿ ನೋಡಿದರು. ಎಲುಬು ಮುರಿದಿರಲಿಲ್ಲ. ಅವರ ಬೆರಳುಗಳು ಮಾತ್ರ ನನ್ನ ಕೈಯ ಸುತ್ತ ನಡುಗುತ್ತಲೇ ಇದ್ದವು. ಮಾಳಿ ಓಡಿಹೋಗಿ ಕಾಕಾನ ಮನೆಯಿಂದ ಅರಿಶಿನ ಸುಣ್ಣ ಕಲಸಿಕೊಂಡು ಬಂದಳು.

ಅಪ್ಪ ಕಾಕಾನನ್ನು ಬೀದರದ ದವಾಖಾನೆಗೆ ಕರೆದುಕೊಂಡು ಹೋದರು. ಸಂಜೆಯ ಬಸ್ಸಿಗೆ ಮರಳಿ ಬಂದ ಕಾಕಾ ನಮ್ಮಿಬ್ಬರನ್ನೂ ಕೂಡಿಸಿಕೊಂಡು, ದೊಡ್ಡವರಿಗೆ ಹೇಳುವಂತೆ ಹೇಳಿದರು. ನರದ ರೋಗ. ಗುಳಿಗೆಯಿಂದ ಸ್ವಲ್ಪ ದಿನ ತಡೆಯಬಹುದು, ನಿಲ್ಲಿಸಲು ಬರುವುದಿಲ್ಲ. ಕೈ ಹೋದ ಮೇಲೆ ಕಾಲು ಹೋಗುತ್ತದೆ, ಮಾತೂ ಹೋಗಬಹುದು.

“ಈ ವರಸಿ ಇಬ್ಬರ ಹಂತ್ಯಾಕ ಇಟ್ಟು ಹೋಗೂ ಸಾಮಾನು ನೋಡ್ರವ್ವಾ,” ಎಂದರು. “ಒಬ್ಬಾಕಿ ಹಂತ್ಯಾಕ ಅರ್ಧನೇ ಇರ್ತದ. ನನ್ನ ಕೈ ಇರೂದ್ರಾಗ ಐದೂ ಕೊಟ್ಟುಬಿಡ್ತೇನಿ. ಇನ್ನ ಮ್ಯಾಲ ನೀವಿಬ್ರೇ ಎದುರಾಬದರ ನಿಂದ್ರಬೇಕು.”

ಹಾಗೆಂದು, ಹೊಡೆದು ಸೋಲುವ ಪಾತ್ರವನ್ನು ನನಗೆ ಕೊಟ್ಟರು. ಗೆಲ್ಲುವುದನ್ನು ಮಾಳಿಗೆ ಕೊಟ್ಟರು.

ನಾನು ಹಠಮಾರಿ. ಗಜಗದಾಟದಲ್ಲಿ ಸೋತರೂ ಗಜಗ ಎಸೆದು ಎದ್ದು ಹೋಗುವವಳು. ನನಗೆ ಇದು ಹೇಗೆ ಸಹನವಾದೀತು?

“ನಾ ಯಾಕ ಸೋಲಬೇಕ್ರಿ ಕಾಕಾ? ನಾ ಆಕಿಗಿಂತ ದೊಡ್ಡಾಕಿ.”

“ಅದಕ್ಕೇ ನಿನಗ ಕೊಟ್ಟೀನಿ ಸುಜಾ.”

“ದಿನಾ ಆಕೀನೇ ಗೆಲ್ಲೂದ ಅಂದ್ರ ನನಗೇನ್ ಬಂತ್ರಿ ಅದ್ರಾಗ?”

“ಸೋಲೂದು ಬರ್ತದ,” ಎಂದರು ಕಾಕಾ. “ಅದೇನ್ ಹಗರಿಲ್ಲವ್ವಾ. ಸೋಲಾಕಿ ಖರೇ ಹೊಡೀಬೇಕು. ನೀ ಸುಳ್ಳ ಹೊಡದ್ರ ಆಕಿ ಸುಳ್ಳ ಕಲೀತಾಳ. ಖರೇ ಹೊಡದೂ ಆಕಿಗಿ ದಾರಿ ಬಿಟ್ಟಿರಬೇಕು. ಆಕಿ ಮ್ಯಾಲ ಜೀವ ಇರಲಾರದವ್ರಿಗಿ ಇದು ಬರಂಗಿಲ್ಲ.”

ಮುಂಗೈಯ ಬಾವು ಇಳಿದ ಮೇಲೆ ಮೂರು ದಿನ ಮುಖ ಊದಿಸಿಕೊಂಡು ಕಲಿತೆ. ಆಮೇಲೆ ಸಿಟ್ಟು ತಾನಾಗಿ ಇಳಿಯಿತು. ನಾನು ಕತ್ತಿ ಎತ್ತಿ ಬರುವುದನ್ನು ನೋಡುತ್ತಾ ಮಾಳಿ ನಿಂತಿರುತ್ತಿದ್ದಳು. ಏಟು ಇನ್ನೇನು ಹಣೆಗೆ ಬಿತ್ತು ಎನ್ನುವಾಗ ಒಂದು ಹೆಜ್ಜೆ ನನ್ನ ಕಡೆಗೇ ಇಡುತ್ತಿದ್ದಳು. ಹಿಂದಕ್ಕಲ್ಲ, ಮುಂದಕ್ಕೆ. ಅವಳ ಕತ್ತಿ ನನ್ನ ಮುಂಗೈಯ ಮೇಲೆ ಬಂದು ನಿಂತಾಗ ಇಬ್ಬರ ಉಸಿರೂ ಒಂದೇ ಸಲ ಹೊರಗೆ ಬರುತ್ತಿತ್ತು. ಅವಳು ಎಂದೂ ನನಗೆ ತಾಗಿಸಲಿಲ್ಲ. ಅವಳನ್ನು ಗೆಲ್ಲಿಸುವುದರಲ್ಲಿ ನನಗೊಂದು ಜಂಬವೇ ಹುಟ್ಟಿಕೊಂಡಿತು. ಅವಳ ಹೆಜ್ಜೆ ತಡವಾದರೆ, “ಏ ಕುರೀ, ನಿದ್ದಿ ಮಾಡ್ಲಿಕತ್ತೀಯೇನು?” ಎಂದು ನಾನೇ ಬೈಯುತ್ತಿದ್ದೆ. ಅವಳು “ನಿನ್ನ ಹೊಡ್ತ ಬರೂದ್ರಾಗ ನಮ್ಮ ಕುರಿ ಎರಡು ಸರ್ತಿ ಈದಾವು” ಎನ್ನುತ್ತಿದ್ದಳು. ಕಾಕಾ ಗೋಡೆಗೆ ಒರಗಿ ಕುಳಿತು ನಗುತ್ತಿದ್ದರು. ಅವರ ನಡುಗುವ ಕೈ ಟವೆಲ್ಲಿನ ಕೆಳಗೆ ಇರುತ್ತಿತ್ತು.

ನಾಲ್ಕು ಕಾತಾ ಕೈಗೆ ಬಂದವು. ಐದನೆಯದು ಬೇರೆ ತರಹದ್ದು ಎಂದರು ಕಾಕಾ. ಅದರಲ್ಲಿ ಯಾರೂ ಸೋಲುವುದಿಲ್ಲ, ಕೊನೆಗೆ ಇಬ್ಬರೂ ಕತ್ತಿ ಇಳಿಸುತ್ತಾರೆ. ಆದರೆ ಅದನ್ನು ಬಾಯಿಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ, ನಿಂತು ತೋರಿಸಬೇಕು. ಹೊಸ ಗುಳಿಗೆಗೆ ಕೈ ತುಸು ಹದಕ್ಕೆ ಬರಲಿ, ಪೂರ್ಣಿಮೆ ಮುಗಿದ ಮೇಲೆ ನೋಡೋಣ ಎಂದರು. ನಮಗೂ ಅವಸರವಿರಲಿಲ್ಲ. ಬೇಸಿಗೆ ಇನ್ನೂ ಇತ್ತು.

ಬುದ್ಧ ಪೂರ್ಣಿಮೆಯ ದಿನ ವಿಹಾರಕ್ಕೆ ಸುಣ್ಣ ಬಳಿದಿದ್ದರು. ಎಲ್ಲರೂ ಬಿಳಿಯ ಬಟ್ಟೆಯಲ್ಲಿ. ದೊಡ್ಡ ಭೋಗುಣಿಯಲ್ಲಿ ಖೀರು ಕುದಿಯುತ್ತಿತ್ತು, ಯಾಲಕ್ಕಿಯ ವಾಸನೆ ಓಣಿಯ ತುದಿಯವರೆಗೂ ಬರುತ್ತಿತ್ತು. ವಂದನೆ ಮುಗಿದ ಮೇಲೆ ಮಕ್ಕಳ ಕತ್ತಿವರಸೆ ಎಂದು ದೊಡ್ಡಪ್ಪನೇ ಮೈಕಿನಲ್ಲಿ ಹೇಳಿದರು. ಭಾಲ್ಕಿಯಿಂದಲೂ ನಾಲ್ಕು ಜನ ಹಿರಿಯರು ಬಂದಿದ್ದರು. ಮಾಳಿಗೆ ನನ್ನ ಬಿಳಿಯ ಡ್ರೆಸ್ಸು ಹಾಕಿಸಿದ್ದೆವು. ಅವಳ ಅಪ್ಪ ಬೀರಣ್ಣ ಬಂದಿದ್ದ. ಒಳಗೆ ಬನ್ನಿ ಎಂದರೂ ಬಾರದೆ, ರುಮಾಲು ಕೈಯಲ್ಲಿ ಹಿಡಿದು ಬಾಗಿಲ ಹತ್ತಿರವೇ ನಿಂತಿದ್ದ.

ನಾವು ಬುದ್ಧನಿಗೆ ಬಾಗಿದೆವು, ಕಾಕಾನಿಗೆ ಬಾಗಿದೆವು, ಒಬ್ಬರಿಗೊಬ್ಬರು ಬಾಗಿದೆವು. ಮೊದಲನೆಯದು ಮಾಡಿದೆವು. ಎರಡನೆಯದು. ನನಗೆ ಜನರ ನೆನಪೇ ಹೋಯಿತು. ಅಷ್ಟು ಚೆನ್ನಾಗಿ ನಾವು ಹಿಂದೆ ಎಂದೂ ಮಾಡಿರಲಿಲ್ಲ. ನಾನು ಕಸುವೆಲ್ಲ ಹಾಕಿ ಹೊಡೆದೆ, ಅವಳು ಬಂದ ಏಟಿನೊಳಗೆ ಹೊಕ್ಕು ಬಂದಳು. ನಾಲ್ಕೂ ಸಲ ಅವಳ ಕತ್ತಿ ನನ್ನ ಮೇಲೆ ಬಂದು ಅಲ್ಲಾಡದೆ ನಿಂತಿತು. ನಾಲ್ಕೂ ಸಲ ನಾನು ಪದ್ಧತಿಯಂತೆ ತಲೆ ತಗ್ಗಿಸಿ ಹಿಂದೆ ಸರಿದೆ. ಮುಗಿದ ಮೇಲೆ ಮತ್ತೆ ಬಾಗಿ ಎದ್ದಾಗ ಚಪ್ಪಾಳೆ ಬರುತ್ತದೆಂದು ಕಾದೆ. ಬಾಗಿಲ ಹತ್ತಿರ ಬೀರಣ್ಣ ಎರಡು ಸಲ ತಟ್ಟಿ, ಬೇರೆ ಯಾರೂ ತಟ್ಟದ್ದನ್ನು ಕಂಡು ನಿಲ್ಲಿಸಿದ.

ದೊಡ್ಡಪ್ಪ ಎದ್ದರು. ಅವರ ಮುಖ ಕೆಂಪಾಗಿತ್ತು.

“ಮಿಲಿಂದಾ, ಒಂದು ಸರ್ತಿ ಸೋತ್ಲು, ಆಯ್ತು. ಎರಡು ಸರ್ತಿ ಸೋತ್ಲು, ಅದೂ ಆಯ್ತು. ನಾಕೂ ಸರ್ತಿ? ನಮ್ಮ ವಿಹಾರದಾಗ, ನಮ್ಮ ಹಬ್ಬದ ದಿನ, ನಮ್ಮ ಹುಡಗಿನೇ ಮಂದಿ ಮುಂದ ತಲಿ ಬಗ್ಗಿಸಿ ಹಿಂದ ಸರೀಬೇಕೇನು?”

“ಅಣ್ಣಾ, ಇದ್ರಾಗ ಸೋತಾಕಿನೇ ಗುರು,” ಎಂದರು ಕಾಕಾ. “ನಾ ಸುಜಾಗ ಗುರು ಜಾಗಾ ಕೊಟ್ಟೀನಿ.”

“ಗುರು ಆದ್ರ ಗುರು ಹಂಗ ನಿಂದ್ರಲಿ. ಹೊಡಸ್ಕೊಂಡು ನಿಂದ್ರೂದ್ಯಾಕ? ನೋಡಾವ್ರಿಗಿ ಏನ್ ತಿಳೀತದ?”

“ಇನ್ನೊಂದು ಉಳದದ ಅಣ್ಣಾ. ಐದನೇದ್ರಾಗ ಯಾರೂ ಸೋಲಂಗಿಲ್ಲ.”

“ಹಂಗಾರ ಅದನ್ನೇ ಮೊದಲ ಕಲಸ್ಬೇಕಿತ್ತಲ್ಲ!”

“ಮೊದಲಿನ ನಾಕು ಸೋತು ಮುಗಸ್ಲಾರದ ಅಲ್ಲಿಗಿ ಹೋಗ್ಲಿಕ್ಕ ಬರಂಗಿಲ್ಲಣ್ಣಾ.”

ದೊಡ್ಡಪ್ಪ ಮೈಕು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: “ನಮ್ಮ ಮುತ್ಯಾಂದಿರು ಸೋತದ್ದು ಸಾಲಲಿಲ್ಲೇನು ತಮ್ಮಾ? ಇನ್ನೂ ನಮ್ಮ ಕೂಸುಗೋಳಿಗಿ ಸೋಲೂದು ಕಲಸ್ಬೇಕಾ?”

ದೊಡ್ಡಪ್ಪ ಕೆಟ್ಟವರಲ್ಲ. ಅವರ ಅಜ್ಜ ಊರ ಬಾವಿಯಿಂದ ಎಷ್ಟು ದೂರ ನಿಲ್ಲಬೇಕಾಗಿತ್ತು ಎಂಬುದನ್ನು ಅವರೇ ನಮಗೆ ತೋರಿಸಿ ಹೇಳಿದ್ದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಕಾಕಾನ ಮಾತಿನಲ್ಲೂ ಆಗಿಲ್ಲ. ಇಬ್ಬರೂ ಸರಿಯಿದ್ದು ಎಲ್ಲ ಹಾಳಾದದ್ದಕ್ಕೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ನಾನು ಆ ರಾತ್ರಿ ಅವ್ವನ ಮೇಲೆ ಸಿಟ್ಟು ಮಾಡಿ ಖೀರು ಮುಟ್ಟದೆ ಮಲಗಿದೆ.

ಮರುದಿನ ಹಿರಿಯರು ಒಂದು ದಾರಿ ಹುಡುಕಿದರು. ಪಾತ್ರ ಅದಲುಬದಲು ಮಾಡಿ, ನಮ್ಮ ಹುಡುಗಿ ಗೆಲ್ಲಲಿ, ಕುರುಬರ ಹುಡುಗಿ ಸೋಲಲಿ, ಆಮೇಲೆ ತರಬೇತಿ ನಡೆಯಲಿ ಎಂದರು. ಕಾಕಾ ಅದಕ್ಕೂ ಒಪ್ಪಿದರು. ಈ ರೋಗದ ಜೊತೆ ಹಠ ಮಾಡುತ್ತಾ ಕೂಡುವಷ್ಟು ಕಾಲ ತಮ್ಮಲ್ಲಿಲ್ಲ ಎಂದು ಅಪ್ಪನ ಮುಂದೆ ಹೇಳಿದರಂತೆ. ನನ್ನನ್ನೂ ಕರೆದುಕೊಂಡು ಬೀರಣ್ಣನ ಹಟ್ಟಿಗೆ ಹೋದರು. ಬೀರಣ್ಣ ಕಂಬಳಿ ಹಾಸಿ ಕೂಡಿಸಿದ, ಮಜ್ಜಿಗೆ ಕೊಟ್ಟ. ಮಾಳಿ ಒಳಗಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕಾಕಾ ವಿಷಯ ಹೇಳಿದರು.

“ನನಗೇನೂ ಇಲ್ರಿ ಗುರುಗಳೆ,” ಎಂದ ಬೀರಣ್ಣ. “ಕೂಸು ಛಲೋ ಕಲ್ತದ. ನಿನ್ನಿ ನೋಡಿ ನನ್ನ ಹೊಟ್ಟಿ ತುಂಬ್ಯದ. ಆದ್ರ ಈಗ ಆಕಿ ನಿಮ್ಮ ವಿಹಾರದಾಗ ಸೋತು ನಿಂತ್ಲಂದ್ರ ನಮ್ಮ ಮಂದಿ ಸುಮ್ನ ಇರಂಗಿಲ್ರಿ. ನಿನ್ನಿ ಗೆದ್ದಾಕಿನ್ನ ಇವತ್ತು ಯಾಕ ಸೋಲಿಸಿದ್ರು ಅಂತ ಕೇಳ್ತಾರ. ನಿಮ್ಮ ಹುಡಗಿ ಸೋತ್ರ ನಿಮ್ಮವ್ರಿಗಿ ಬ್ಯಾನಿ, ನಮ್ಮ ಹುಡಗಿ ಸೋತ್ರ ನಮ್ಮವ್ರಿಗಿ ಬ್ಯಾನಿ. ಸಣ್ಣ ಕೂಸುಗೋಳ ಸಲುವಾಗಿ ಊರು ಎರಡಾಗೂದು ಬ್ಯಾಡ್ರಿ.”

“ಒಂದೇ ಒಂದು ಉಳದದ ಬೀರಣ್ಣ,” ಎಂದರು ಕಾಕಾ. “ಅದೊಂದು ಮುಗಸ್ತೇನಿ. ಯಾರೂ ನೋಡಲಾರದಂಗ, ನಿಮ್ಮ ಹಟ್ಟಿ ಹಿಂದ ಮುಗಸ್ತೇನಿ. ನನ್ನ ಕೈ ನೋಡ್ರಿ.”

ಅವರು ಟವೆಲ್ಲು ಸರಿಸಿ ಕೈ ಮುಂದೆ ಚಾಚಿದರು. ಬೀರಣ್ಣ ಆ ಕೈಯನ್ನು ನೋಡಿದ. ನಂತರ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡ. “ಬ್ಯಾಡ್ರಿ ಗುರುಗಳೆ,” ಎಂದ. ಅವನ ಕಣ್ಣಲ್ಲಿ ನೀರಿತ್ತು, ಆದರೆ ಮಾತು ಬದಲಾಗಲಿಲ್ಲ. ಮಾಳಿ ತನ್ನ ಜಾಲಿ ಕತ್ತಿಯನ್ನು ಅರಿವೆಯಲ್ಲಿ ಸುತ್ತಿ ತಂದು ಕಾಕಾನ ಮುಂದಿಟ್ಟು ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಮುಂಗಾರಿನ ಮಿರಗದ ಮಳೆ ಬೀಳುವ ಮೊದಲು ನಾನು ದಿನವೂ ವಿಹಾರಕ್ಕೆ ಹೋಗಿ ನೆಲ ಒರೆಸಿ ಕೂಡುತ್ತಿದ್ದೆ. ಐದನೆಯದನ್ನು ನನಗಾದರೂ ತೋರಿಸಿ ಎಂದು ಕಾಡುತ್ತಿದ್ದೆ. ಒಂದು ದಿನ ಕಾಕಾ ಎದ್ದು ಎದುರು ನಿಂತರು. ಎರಡೂ ಕೈಯಿಂದ ಕತ್ತಿ ಹಿಡಿದರು. ಕತ್ತಿಯ ತುದಿ ಗಾಳಿಯಲ್ಲಿ ಹಿಡಿತವಿಲ್ಲದೆ ಹೊಯ್ದಾಡಿತು. ಅವರು ಅದನ್ನು ನಿಲ್ಲಿಸಲು ಹಲ್ಲು ಕಚ್ಚಿ ನೋಡಿದರು. ನನ್ನ ಮುಂಗೈಯ ಮೇಲೆ ಹಳೆಯ ಏಟಿನ ಗುರುತು ಇನ್ನೂ ಇತ್ತು. ಅವರ ಕಣ್ಣು ಅಲ್ಲಿಗೇ ಹೋಯಿತು. ಕತ್ತಿ ಕೆಳಗಿಟ್ಟುಬಿಟ್ಟರು. “ಆಗಂಗಿಲ್ಲವ್ವಾ ಸುಜಾ. ಮನೀಗಿ ನಡಿ,” ಎಂದರು. ಆಮೇಲೆ ಅವರು ಅದನ್ನು ಮುಟ್ಟಿದ್ದನ್ನು ನಾನು ಕಾಣಲಿಲ್ಲ.

ಎಂಟನೆಯ ತರಗತಿಯಲ್ಲಿ ಮಾಳಿಯನ್ನು ಬೇರೆ ಬೆಂಚಿಗೆ ಕೂಡಿಸಿದರು. ದಸರೆಯ ನಂತರ ಅವಳು ಸಾಲಿ ಬಿಟ್ಟು ಕುರಿಯ ಹಿಂದೆ ಹೋದಳು. ಹರೆಯಕ್ಕೆ ಬಂದ ಹುಡುಗಿಗೆ ಇಷ್ಟು ಓದು ಸಾಕು ಎಂದು ಅವಳ ಆಯಿ ಅಂದಳಂತೆ. ನಾವು ಹತ್ತನೇ ಪರೀಕ್ಷೆ ಬರೆಯುವ ಮೊದಲೇ ಅವಳನ್ನು ಔರಾದ ಆಚೆಯ ಹಳ್ಳಿಗೆ ಕೊಟ್ಟರು. ನಾನು ಬೀದರದಲ್ಲಿ ಪಿಯುಸಿ ಓದುತ್ತಿದ್ದಾಗ ಕಾಕಾ ಹೋದರು. ಕೊನೆಗೆ ಅವರಿಗೆ ಮಾತೂ ಉಳಿದಿರಲಿಲ್ಲ, ತುತ್ತನ್ನೂ ನಮ್ಮವ್ವನೇ ತಿನ್ನಿಸುತ್ತಿದ್ದಳು. ನಾನು ಬಸ್ಸಿಳಿದು ಓಡಿ ಬರುವಷ್ಟರಲ್ಲಿ ದೊಡ್ಡಪ್ಪ ಅವರ ಎರಡು ಕತ್ತಿಗಳನ್ನೂ ಅವರ ಮಗ್ಗುಲಲ್ಲಿ ಇಟ್ಟು, ಕಟ್ಟಿಗೆ ಜೋಡಿಸಿ, ಬೆಂಕಿ ಕೊಡಿಸಿದ್ದರು. ಗೌರವದಿಂದಲೇ ಮಾಡಿದ್ದರು. ದೊಡ್ಡಪ್ಪ ಅವತ್ತು ಅತ್ತದ್ದನ್ನು ನೋಡಿದ್ದೇನೆ.

ಈಗ ನಾನು ಬೀದರದಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿದ್ದೇನೆ. ಬಾಡಿಗೆ ಮನೆಯ ತಾರಸಿಯ ಮೇಲೆ ಹೋದ ವರ್ಷದವರೆಗೂ ಸಂಜೆ ಒಬ್ಬಳೇ, ನನ್ನ ಜಾಲಿ ಕತ್ತಿ ಹಿಡಿದು, ನನ್ನ ಪಾಲಿನ ನಾಲ್ಕನ್ನೂ ಮಾಡುತ್ತಿದ್ದೆ. ಎದುರಿಗೆ ಯಾರೂ ಇಲ್ಲದೆ ಹೊಡೆಯುವುದು, ಯಾರೂ ಗೆಲ್ಲದೆ ಸೋತು ಹಿಂದೆ ಸರಿಯುವುದು. ಮೊಬೈಲಿನಲ್ಲಿ ಹುಡುಕಿದರೆ ಜಪಾನಿನ ಕತ್ತಿಯ ವಿಡಿಯೋ ಸಾವಿರ ಸಿಗುತ್ತವೆ. ಕಾಕಾನ ಹೆಜ್ಜೆ ಅವು ಯಾವುದರಲ್ಲೂ ಇಲ್ಲ. ಅವರ ಗುರುವಿನ ಹೆಸರನ್ನು ನಾವು ಕೇಳಿರಲೂ ಇಲ್ಲ. ಐದನೆಯದು ಹೋಯಿತು, ಅದು ಹೋದದ್ದೇ. ಮೊದಮೊದಲು ಕಲಿತಿದ್ದ ಗೆಲ್ಲುವ ಹೆಜ್ಜೆಯೂ ನನ್ನ ಕಾಲಿಗೆ ಎಂದೋ ಮರೆತುಹೋಗಿದೆ. ಆದರೆ ನಾಲ್ಕರಲ್ಲಿ ಗೆಲ್ಲುವ ಅರ್ಧವಾದರೂ ಮಾಳಿಯ ಮೈಯಲ್ಲಿ ಎಲ್ಲೋ ಜೀವಂತವಾಗಿದೆ ಎಂಬ ಒಂದು ಧೈರ್ಯ ನನಗಿತ್ತು. ಎಂದಾದರೂ ಎದುರಾಬದರ ನಿಂತರೆ ಕಾಲು ತಾನಾಗಿ ನೆನಪಿಸಿಕೊಳ್ಳುತ್ತದೆ ಎಂದು ನಂಬಿದ್ದೆ.

ಹೋದ ವರ್ಷ ಬಿತ್ತನೆ ಬೀಜದ ಕೆಲಸಕ್ಕೆಂದು ಔರಾದಿಗೆ ಬಸ್ಸು ಹಿಡಿದು ಹೋದವಳು, ಅಲ್ಲಿಂದ ಇನ್ನೊಂದು ಬಸ್ಸಿಗೆ ಅವಳ ಹಳ್ಳಿಗೆ ಹೋದೆ. ಮನೆ ಕೇಳಿಕೊಂಡು ಹುಡುಕಿದೆ. ಮಾಳಿ ಅಂಗಳದಲ್ಲಿ ಉದ್ದು ಕೇರುತ್ತಿದ್ದಳು. ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಯಿತು. ಹಿಡಿದ ಮೇಲೆ ಮೊರ ಬಿಸಾಕಿ ಬಂದು ನನ್ನ ಎರಡೂ ಕೆನ್ನೆ ಹಿಡಿದಳು. “ಏ ಪೋರಿ! ಎಷ್ಟು ದಪ್ಪ ಆಗೀದಿ!” ಎಂದಳು. ಅವಳು ಬಹಳ ತೆಳ್ಳಗಾಗಿದ್ದಳು. ಮುಂದಿನದೊಂದು ಹಲ್ಲು ಇರಲಿಲ್ಲ. ಮಕ್ಕಳು ಸಾಲಿಗೆ ಹೋಗಿದ್ದವು, ಗಂಡ ಹೊರಗೆ ಹೋಗಿದ್ದ. ಚಹಾಕ್ಕೆ ನೀರಿಟ್ಟು, ಬೇವಿನ ಮರದ ಊಟ, ಕಾಕಾನ ಟವೆಲ್ಲು, ನನ್ನ ಹಠ ಎಲ್ಲವನ್ನೂ ನೆನೆದು ನಗುತ್ತಾ ಕೂತೆವು. ಕಾಕಾ ಹೋದದ್ದು ಅವಳಿಗೆ ಗೊತ್ತಿತ್ತು.

“ಮೊದಲನೇದು ನೆನಪದ ಏನೇ ಕುರೀ?” ಎಂದು ಕೇಳಿದೆ.

“ಹುಚ್ಚಿ ಇದ್ದೀ ನೋಡು,” ಎಂದು ನಕ್ಕಳು. ನಗುತ್ತಲೇ ಎದ್ದು ನಿಂತಳು.

ಗೋಡೆಗೆ ತೊಗರಿ ಕಟ್ಟಿಗೆಯ ಹೊರೆ ಒರಗಿಸಿತ್ತು. ಅದರಲ್ಲೊಂದನ್ನು ಎಳೆದುಕೊಂಡೆ. ಅವಳ ಕೈಗೂ ಒಂದು ಕೊಟ್ಟೆ. ಬಾಗಿದೆವು. ನಾನು ಕಾಕಾ ಹೇಳಿದ ಹಾಗೆ ತಲೆಯ ಮೇಲೆತ್ತಿ, ಮೊದಲಿನಷ್ಟು ಜೋರಿಲ್ಲದೆ, ಆದರೆ ಸುಳ್ಳಲ್ಲದೆ, ಹೆಜ್ಜೆ ಮುಂದಿಟ್ಟೆ.

ಅವಳ ಕೈಯ ಕಟ್ಟಿಗೆ ಕೆಳಗೆ ಬಿತ್ತು. ಎರಡೂ ತೋಳು ತಲೆಯ ಮೇಲೆ ಹೋದವು. ಕಣ್ಣು ಗಟ್ಟಿಯಾಗಿ ಮುಚ್ಚಿ, ಮೈ ಮುದುಡಿ, ಅವಳು ಗೋಡೆಯ ಬುಡದಲ್ಲಿ ಕುಕ್ಕರಿಸಿಬಿಟ್ಟಳು.

“ಹೊಡೀಬ್ಯಾಡ್ರಿ,” ಎಂದಳು.

ನನ್ನ ಕಟ್ಟಿಗೆ ಮೇಲೆಯೇ ನಿಂತಿತ್ತು. ಒಳಗೆ ಚಹಾ ಉಕ್ಕುವ ಸದ್ದು ಕೇಳಿದ ಮೇಲೆ ಅವಳು ಕಣ್ಣು ತೆರೆದು, ನನ್ನನ್ನು ನೋಡಿ, ಸೆರಗು ಸರಿಪಡಿಸಿಕೊಂಡು ಎದ್ದಳು. “ಕಾಲು ಜಾರ್ತು,” ಎಂದಳು. ನಾನು ಕೇಳಬೇಕಾದದ್ದನ್ನು ಕೇಳಿದೆ, ಒಂದಲ್ಲ, ಹಲವು ಸಲ ಕೇಳಿದೆ. ಅವಳು ಬಸಿಗೆ ಚಹಾ ಸುರಿದು, “ಆರ್ತದ, ಕುಡಿ,” ಎಂದಳು ಅಷ್ಟೇ. ನನ್ನ ನಂಬರು ಬರೆದುಕೊಟ್ಟು ಬಂದೆ. ಇನ್ನೂ ಫೋನು ಬಂದಿಲ್ಲ. ಮತ್ತೆ ಹೋಗಬೇಕೆಂದಿದ್ದೇನೆ.

ತಾರಸಿಯ ಮೇಲಿನ ಅಭ್ಯಾಸವನ್ನು ಅಂದಿನಿಂದ ಬಿಟ್ಟೆ. ಏಟಿನೊಳಗೆ ಹೊಕ್ಕು ಬರುವುದನ್ನು ಕಾಕಾ ಅವಳಿಗೆ ಕಲಿಸಿದ್ದರು, ಅದನ್ನು ಆ ಮನೆಯಲ್ಲಿ ಅವಳಿಂದ ಹೊಡೆದು ಹೊಡೆದು ಬಿಡಿಸಿದ್ದಾರೆ. ಉಳಿದದ್ದು ನನ್ನ ಅರ್ಧ. ಅದರಲ್ಲಿ ಹೊಡೆತ ಬಿಟ್ಟು ಬೇರೇನೂ ಇಲ್ಲ.